ಸತ್ಯಾಂಶ: ‘ಎಲ್ಲವೂ ಸಾಪೇಕ್ಷ’ ಅಂದಿದ್ದರಾ ಐನ್‌ಸ್ಟೈನ್?

ಮಂಡ್ಯದ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಗುಡ್ ಮಾರ್ನಿಂಗ್ ಹೂವಿನ ಜೊತೆ ಒಂದು ಫಾರ್ವರ್ಡ್ ಬಂತು: ‘ಎಲ್ಲವೂ ಸಾಪೇಕ್ಷ ಎಂದು ಐನ್‌ಸ್ಟೈನ್ ಸಾಬೀತು ಮಾಡಿದ್ದಾರೆ. ಹಾಗಾಗಿ ಸರಿ ತಪ್ಪು ಅವರವರ ಲೆಕ್ಕ, ಬದುಕಿಗೆ ಅರ್ಥವಿಲ್ಲ.’

ಇದು ತಪ್ಪು. ಐನ್‌ಸ್ಟೈನ್ ಅವರ 1905ರ ಸಾಪೇಕ್ಷತಾ ಸಿದ್ಧಾಂತ ಇರುವುದು ಉದ್ದ, ಕಾಲ, ವೇಗ ನೋಡುವವರಿಗೆ ತಕ್ಕಂತೆ (ಅಂದರೆ ಸಾಪೇಕ್ಷವಾಗಿ) ಬದಲಾಗುವುದರ ಬಗ್ಗೆ. ಮೈಸೂರು ರೈಲಿನಲ್ಲಿ ಕೂತವರಿಗೆ ಕೈಯಲ್ಲಿರುವ ಟೀ ಲೋಟ ನಿಂತೇ ಇದೆ. ಗೇಟಿನ ಬಳಿ ಬೈಕ್ ನಿಲ್ಲಿಸಿದವರಿಗೆ ಅದೇ ಲೋಟ ಓಡುತ್ತಿದೆ. ಇಷ್ಟು ಗೆಲಿಲಿಯೋಗೂ ಗೊತ್ತಿತ್ತು. ಐನ್‌ಸ್ಟೈನ್ ಹಿಡಿದದ್ದು ಬದಲಾಗದ್ದನ್ನು. ನಿರ್ವಾತದಲ್ಲಿ ಬೆಳಕಿನ ವೇಗ ಇಬ್ಬರಿಗೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಇದರಲ್ಲಿ ನೀತಿ ಎಲ್ಲಿ ಬಂತು?

ನೀತಿಯ ಜಗಳ ತುಂಬಾ ಹಳೆಯದು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಒಂದು ಪ್ರಸಂಗ ಬರೆದಿದ್ದಾನೆ. ಹೆಣ ಸುಡುವ ಗ್ರೀಕರನ್ನೂ ಸತ್ತ ತಂದೆಯನ್ನು ತಿನ್ನುವ ಒಂದು ಪಂಗಡವನ್ನೂ ಪರ್ಷಿಯಾದ ದೊರೆ ಡೇರಿಯಸ್ ಕರೆಸಿದನಂತೆ. ಎಷ್ಟು ದುಡ್ಡು ಕೊಟ್ಟರೆ ಆ ಕಡೆಯವರ ಪದ್ಧತಿ ಮಾಡುತ್ತೀರಿ ಅಂತ ಕೇಳಿದ. ಇಬ್ಬರೂ ಹೌಹಾರಿದರು. (ನಿಜವಾಗಿ ನಡೆಯಿತೋ ಇಲ್ಲವೋ, ಅದು ಬೇರೆ ಮಾತು.) ಪದ್ಧತಿ ಬೇರೆ, ಸರಿ. ಆದರೆ ಸತ್ತವರಿಗೆ ಮರ್ಯಾದೆ ಕೊಡಬೇಕು ಅನ್ನುವುದರಲ್ಲಿ ಇಬ್ಬರಿಗೂ ಜಗಳವಿರಲಿಲ್ಲ, ಅಲ್ವಾ?

ಗುಂಪಿನಲ್ಲಿ ಇಷ್ಟನ್ನೂ ಬರೆದು ಹಾಕಿದೆ. ಉತ್ತರವಾಗಿ ಇನ್ನೊಂದು ಹೂವು ಬಂತು.