ಕೊಡಗಿನ ಕೋವಿ: ಪರವಾನಗಿ ವಿನಾಯಿತಿ ಮುಂದುವರಿಯಬೇಕೇ?

ಪರ: ಆಚರಣೆಗೆ ಅನುಮತಿ ಬೇಕೇ?

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಕೋವಿಯ ಸದ್ದು ಕೇಳಬೇಕು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನೀಡಿದ ವಿನಾಯಿತಿಯನ್ನು ಸ್ವತಂತ್ರ ಭಾರತವೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಉಳಿಸಿಕೊಂಡಿತು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಇಷ್ಟಾದ ಮೇಲೂ ಇದನ್ನು ಜಾತಿ ಸವಲತ್ತು ಎನ್ನುವವರಿಗೆ ಕೋವಿ ಕಂಡರೆ ರೌಡಿಗಳೇ ನೆನಪಾಗುತ್ತಾರೆ. ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ವಿನಾಯಿತಿ ಇದೆ, ಅವರಲ್ಲಿ ಬೇರೆ ಸಮುದಾಯದವರೂ ಇದ್ದಾರೆ.

ವಿನಾಯಿತಿಯಲ್ಲಿ ಸೇರಿರುವ ಪಿಸ್ತೂಲು, ರಿವಾಲ್ವರುಗಳ ವಿಷಯದಲ್ಲಿ ಮಾತ್ರ ನನಗೆ ಇಷ್ಟು ಆಗ್ರಹವಿಲ್ಲ. ನಾವು ಹೂ ಮುಡಿಸುವುದು ಉದ್ದ ನಳಿಗೆಯ ಕೋವಿಗೆ. ಅದನ್ನಂತೂ ಮುಟ್ಟಬಾರದು.

ವಿರೋಧ: ಹುಟ್ಟು ನೋಡಿ ಕೋವಿ ಕೊಡಬೇಡಿ

ನಾನೂ ಕೊಡಗಿನವಳೇ. ಆದರೆ ಕೊಡವಳಲ್ಲ, ನಮಗೆ ಜಮ್ಮಾ ಜಮೀನೂ ಇಲ್ಲ. ಅಪ್ಪ ತೀರಿಕೊಂಡಾಗ ಅವರ ಪರವಾನಗಿಯೂ ಮುಗಿಯಿತು. ಜೋಡಿ ನಳಿಗೆಯ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಅದರ ಕುತ್ತಿಗೆಗೊಂದು ಚೀಟಿ ಕಟ್ಟಿ ಮೂಲೆಯಲ್ಲಿ ಒರಗಿಸಿದರು. ಪೊಲೀಸ್ ವರದಿ, ವೈದ್ಯರ ಪತ್ರ ಎಲ್ಲ ಮುಗಿದು ನನ್ನ ಹೆಸರಿಗೆ ಪರವಾನಗಿ ಬರುವಷ್ಟರಲ್ಲಿ ನಳಿಗೆಗೆ ತುಕ್ಕು ಹಿಡಿದಿತ್ತು, ಮರದ ಹಿಡಿಯ ಮೇಲೆ ಬೂಷ್ಟು ಬಂದಿತ್ತು. ಆ ಮಳೆಗಾಲದಲ್ಲೇ ಆನೆಗಳು ತೋಟಕ್ಕೆ ನುಗ್ಗಿ ಬಾಳೆಯನ್ನೆಲ್ಲ ಮುರಿದವು. ಬೇಲಿಯಾಚೆಯ ಕೊಡವ ನೆರೆಯವರು ಓಡಿ ಬಂದು ಗಾಳಿಯಲ್ಲಿ ಗುಂಡು ಹಾರಿಸಿ ಅವನ್ನು ಅಟ್ಟಿದರು. ಆ ಉಪಕಾರವನ್ನು ನಾನು ಮರೆಯುವವಳಲ್ಲ. ಆದರೂ ಕೇಳುತ್ತೇನೆ: ಅದೇ ಆನೆ, ಅದೇ ಬೇಲಿ, ಅವರಿಗಿಲ್ಲದ ಪರವಾನಗಿ ನನಗೇಕೆ?

ಹುಟ್ಟಿನಿಂದ. ಬೇರೆ ಕಾರಣವೇ ಇಲ್ಲ. ಹೈಕೋರ್ಟ್ ಒಪ್ಪಿದೆ ಎನ್ನುತ್ತಾರೆ. ಒಪ್ಪಿರಬಹುದು, ನನ್ನ ಮನಸ್ಸು ಒಪ್ಪಿಲ್ಲ. ಬ್ರಿಟಿಷರು ತಮಗೆ ಬೇಕಾದವರನ್ನು ನಂಬಿದ ಲೆಕ್ಕವನ್ನು ಗಣರಾಜ್ಯ ಏಕೆ ಮುಂದುವರಿಸಬೇಕು? ಹಬ್ಬದ ಮಾತು ಎತ್ತುತ್ತಾರೆ. ಹಬ್ಬ ಒಂದು ದಿನದ್ದು. ಕೋವಿ ಮನೆಯಲ್ಲಿ ವರ್ಷವಿಡೀ ಇರುತ್ತದೆ. ಮನೆಯಲ್ಲಿ ಕುಡಿತವಿದೆಯೇ, ಜಗಳವಿದೆಯೇ, ಬದುಕೇ ಬೇಡವೆಂದು ಕೊರಗುವವರಿದ್ದಾರೆಯೇ ಎಂದು ಯಾರಾದರೂ ಬಂದು ವಿಚಾರಿಸಬೇಕು. ಪರವಾನಗಿಗಾಗಿ ನನ್ನ ಮನೆಗೆ ಪೊಲೀಸರು ಬಂದು ವಿಚಾರಿಸಿದರು. ಅಲೆದಾಟ ಸಾಕಾಗಿತ್ತು ನಿಜ, ಆದರೆ ಆ ವಿಚಾರಣೆ ತಪ್ಪೆಂದು ನನಗೆ ಅನ್ನಿಸಲಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಮತ್ತೆ ಅರ್ಜಿ ಹಾಕುತ್ತೇನೆ. ಕೋವಿ ಬೇಕೆನ್ನುವ ಯಾರಿಗಾದರೂ ಇದು ಹೊರೆಯಲ್ಲ.

ಕೊಡವರ ಕೋವಿ ಕಸಿಯಿರಿ ಎಂದು ನಾನು ಹೇಳುತ್ತಿಲ್ಲ. ತೋಟ ಕಾಯುವ ಎಲ್ಲರಿಗೂ, ಯಾವ ಮನೆತನದವರಾದರೂ, ಬೇಗ ಸಿಗುವ ಒಂದೇ ಬಗೆಯ ಪರವಾನಗಿ ಇರಲಿ. 2029ರಲ್ಲಿ ಗಡುವು ಮುಗಿದಾಗ ಕೇಂದ್ರ ಮಾಡಬೇಕಾದ ಕೆಲಸ ಇದು.