ಗಣಿಯನ್ನು ಅನ್ನದಾತ ಎನ್ನಬೇಡಿ

ನಿನ್ನೆ ಬಳ್ಳಾರಿಯಲ್ಲಿ ಒಂದು ಸಮಾರಂಭ. ವೇದಿಕೆಯ ಮೇಲಿದ್ದವರೊಬ್ಬರು ಮೈಕ್ ಹಿಡಿದು "ಗಣಿಯೇ ನಮ್ಮ ಜಿಲ್ಲೆಯ ಅನ್ನದಾತ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕೂತಲ್ಲಿ ಕೂರಲಾಗದೆ ಎದ್ದು ಬಂದೆ.

ಅದೇ ಬೆಳಿಗ್ಗೆ ಸಂಡೂರು ತಾಲ್ಲೂಕಿನ ನಮ್ಮ ಊರಿನಲ್ಲಿದ್ದೆ. ಅತ್ತಿಗೆ ಹಿತ್ತಲಿನಿಂದ ಪುಂಡಿಪಲ್ಯ ಕಿತ್ತು ತಂದು ತೊಳೆಯುತ್ತಿದ್ದರು. ಮೊದಲ ಬೋಗುಣಿಯ ನೀರು ಕಾವಿ ಕದಡಿದ ಹಾಗೆ ಕೆಂಪಾಯಿತು. ಎರಡನೆಯದೂ ಕೆಂಪು. ಮೂರನೆಯದನ್ನು ಚೆಲ್ಲಿದಾಗ ತಳದಲ್ಲಿ ನುಣ್ಣನೆಯ ಪುಡಿ ಉಳಿದಿತ್ತು. ಬೆರಳಿನಿಂದ ಒರಸಿ ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯಿತು. "ಇನ್ನೊಂದು ಸಲ ತೊಳೆಯಿರಿ ಅತ್ತಿಗೆ" ಎಂದೆ. "ಇಷ್ಟಕ್ಕೇ ಒಂದು ಕೊಡ ಖರ್ಚಾಯಿತಪ್ಪಾ, ಇನ್ನೊಂದು ಕೊಡ ಎಲ್ಲಿಂದ ತರಲಿ?" ಎಂದರು. ಆ ಸೊಪ್ಪನ್ನು ಬೆಳೆದವರು ಅವರು, ತೊಳೆದವರು ಅವರು, ಉಣಬಡಿಸಿದವರೂ ಅವರೇ. ಅನ್ನದಾತ ಎಂಬ ಹೆಸರು ಮಾತ್ರ ಆ ಧೂಳು ಎಬ್ಬಿಸುವ ಗಣಿಗೆ!

ನನ್ನ ತಕರಾರು ಇಷ್ಟೇ. ಕಬ್ಬಿಣದ ಅದಿರು ಮಾರಿ ಬಂದ ಹಣವನ್ನು ದುಡಿಮೆ ಎಂದು ಲೆಕ್ಕ ಬರೆಯುವುದೇ ತಪ್ಪು. ಮನೆಯಲ್ಲಿ ಕಷ್ಟ ಬಂದಾಗ ಅಜ್ಜಿಯ ಬೋರಮಾಳ ಸರ ಮಾರುತ್ತೇವೆ. ಅದನ್ನು ಆ ವರ್ಷದ ಗಳಿಕೆ ಎಂದು ಯಾರಾದರೂ ಬರೆದುಕೊಳ್ಳುತ್ತಾರೆಯೇ? ಸರ ಹೋಯಿತು ಎಂದು ಬರೆಯುತ್ತೇವೆ. ದೋಣಿಮಲೆ, ದೇವಗಿರಿ, ರಾಮಗಡದ ಬೆಟ್ಟಗಳು ನಮ್ಮ ಜಿಲ್ಲೆಯ ಬೋರಮಾಳ ಸರ. ಜೋಳ ಪ್ರತಿ ವರ್ಷ ಬರುತ್ತದೆ, ಹತ್ತಿ ಬರುತ್ತದೆ, ಮೆಣಸಿನಕಾಯಿ ಬರುತ್ತದೆ. ಅಗೆದು ಸಾಗಿಸಿದ ಬೆಟ್ಟ ಯಾವ ಮುಂಗಾರಿಗೂ ಮತ್ತೆ ಚಿಗುರುವುದಿಲ್ಲ.

ಇದನ್ನು ಹೇಳುವಾಗ ನಮ್ಮ ಮನೆಯ ಮಾತನ್ನು ಮುಚ್ಚಿಡಲಾರೆ. ಚೀನಾಕ್ಕೆ ಎಷ್ಟು ಅದಿರು ಕಳುಹಿಸಿದರೂ ಸಾಲದಿದ್ದ ಕಾಲ ಅದು. ಹೊಲದ ಮೇಲ್ಪದರದಲ್ಲಿ ಸಿಗುವ ಅದಿರಿಗೂ ಗಿರಾಕಿಗಳು ಬಂದರು. ಅಪ್ಪ ಎರಡು ಎಕರೆ ಅಗೆಯಲು ಕೊಟ್ಟರು, ಆ ಹಣದಲ್ಲಿ ಅಣ್ಣ ಲಾರಿ ಕೊಂಡ, ಲಾರಿಯ ಬಾಡಿಗೆಯಲ್ಲಿ ನಾನು ಓದಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಾಲ್ಕು ತಿಂಗಳ ಕಂತು ಬಾಕಿ ಬಿದ್ದ ಮೇಲೆ ಸಾಲ ಕೊಟ್ಟವರು ಲಾರಿಯನ್ನು ಎಳೆದುಕೊಂಡು ಹೋದರು. ಆ ಎರಡು ಎಕರೆ ಇವತ್ತಿಗೂ ಗುಂಡಿ. ಮಳೆಗಾಲದಲ್ಲಿ ಎಮ್ಮೆ ಇಳಿಯುತ್ತದೆ, ನೇಗಿಲು ಇಳಿಯುವುದಿಲ್ಲ.

"ಗಣಿ ನಿಂತಾಗ ಜನ ಊಟಕ್ಕೆ ಪರದಾಡಲಿಲ್ಲವೇ?" ಎಂದು ಕೇಳುವವರಿದ್ದಾರೆ. ಪರದಾಡಿದೆವು, ನಾನೇ ಸಾಕ್ಷಿ. ಆದರೆ ಕೋರ್ಟಿನ ಒಂದು ಆದೇಶಕ್ಕೆ ಒಲೆ ಆರಿತೆಂದರೆ ನಾವು ಯಾವುದನ್ನು ನಂಬಿ ಕೂತಿದ್ದೆವು? ಗಣಿಗೆ ಕೊಡದೆ ಹೊಲ ಉಳಿಸಿಕೊಂಡವರು ಆ ವರ್ಷವೂ ಬಿತ್ತಿದರು. ನಾವು ಅವರ ಹೊಲದಲ್ಲಿ ಕೂಲಿ ಮಾಡಿದೆವು. ಗಣಿ ಮುಚ್ಚಿರಿ ಎಂದು ನಾನು ಹೇಳುತ್ತಿಲ್ಲ. ಬಳ್ಳಾರಿಗೆ 2013ರಲ್ಲಿ ವರ್ಷಕ್ಕೆ 2.5 ಕೋಟಿ ಟನ್ ಇದ್ದ ಅದಿರು ತೆಗೆಯುವ ಮಿತಿಯನ್ನು 2022ರಲ್ಲಿ ಕೋರ್ಟೇ 3.5 ಕೋಟಿ ಟನ್‌ಗೆ ಏರಿಸಿದೆ. ಅದಿರು ಹೋಗುತ್ತದೆ. ಹೋಗುವ ಬೆಟ್ಟದ ಬದಲಿಗೆ ಹೊಲಕ್ಕೆ ಏನು ಬಂತು?

ಹಣ ಇಲ್ಲವೆನ್ನಬೇಡಿ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ, ಗಣಿಯಿಂದ ಬಾಧೆಗೊಳಗಾದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಹಳೆಯ ಗುತ್ತಿಗೆಯವರು ರಾಜಧನದ (ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ಹಣದ) ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನು ಅದಕ್ಕೆ ಕಟ್ಟಬೇಕು. ಗಣಿ ಪ್ರದೇಶದ ಪರಿಸರ ಪುನಶ್ಚೇತನಕ್ಕೆಂದೇ 2014ರಲ್ಲಿ ಬೇರೆ ನಿಗಮ ಹುಟ್ಟಿದೆ. ಅಲ್ಲಿರುವುದು ಸಾವಿರಾರು ಕೋಟಿ. ಅದು ಸರ ಮಾರಿದ ಹಣ. ಮೊದಲು ಸರ ಕಳೆದುಕೊಂಡವರ ಮನೆಗೆ ಬರಬೇಕು. ಭವನಕ್ಕೆ, ಕಮಾನಿಗೆ ಆಮೇಲೆ ನೋಡೋಣ. ಮೊದಲು ನಮ್ಮ ಗುಂಡಿಗಳಿಗೆ ಮಣ್ಣು ತುಂಬಿಸಿ. ಕೆರೆಗಳ ಹೂಳು ತೆಗೆಸಿ. ಅದಿರಿನ ಲಾರಿಗಳನ್ನು ಹೊಲದ ಮಗ್ಗುಲಿನ ರಸ್ತೆಯಿಂದ ಬಿಡಿಸಿ ಕನ್ವೇಯರಿಗೆ, ರೈಲಿಗೆ ಹಾಕಿ. ದಿನಕ್ಕೆ ಎರಡು ಸಲ ಟ್ಯಾಂಕರ್ ನೀರು ಚಿಮುಕಿಸಿದರೆ ಧೂಳು ಒಂದು ಗಂಟೆ ಕೆಸರಾಗುತ್ತದೆ, ಮತ್ತೆ ಧೂಳಾಗುತ್ತದೆ.

ಅಣ್ಣ ಈಗ ಉಳಿದ ಮೂರು ಎಕರೆಯಲ್ಲಿ ಹತ್ತಿ ಹಾಕುತ್ತಾನೆ. ಹೋದ ಸಲ ರಸ್ತೆ ಬದಿಯ ಸಾಲುಗಳಲ್ಲಿ ಬಿಡಿಸಿದ ಹತ್ತಿಯನ್ನು ವ್ಯಾಪಾರಿ ಅಂಗೈಯಲ್ಲಿ ತಿಕ್ಕಿ ನೋಡಿ, ಬಣ್ಣ ಹಿಡಿದಿದೆ ಎಂದು ದರ ಇಳಿಸಿದ. ಮನೆಗೆ ಬಂದ ಅಣ್ಣ ಚೀಲವನ್ನು ಮೂಲೆಗೆ ಒಗೆದು ಮಾತಿಲ್ಲದೆ ಕೂತಿದ್ದನಂತೆ. ನಿನ್ನೆ ಹೊರಡುವಾಗ ನನ್ನನ್ನು ಬದುವಿನವರೆಗೆ ಕರೆದುಕೊಂಡು ಹೋಗಿ ಕೈ ತೋರಿಸಿ ಹೇಳಿದ: "ಈ ಸಲ ಇಲ್ಲಿಂದ ಆಚೆಗಿನ ಎಂಟು ಸಾಲು ಬಿತ್ತುವುದಿಲ್ಲ ತಮ್ಮಾ. ಧೂಳು ಇಲ್ಲೇ ಕೂರಲಿ."