ಅರವತ್ತರ ಮದುವೆಗೆ ಯಾರದೋ ಧಾರೆ ಸೀರೆ

ನಮ್ಮ ಪಂಚಾಂಗದಲ್ಲಿ ಸಂವತ್ಸರಗಳು ಇರುವುದೇ 60. ಅಷ್ಟೂ ಮುಗಿದ ಮೇಲೆ ಅದೇ ಹೆಸರುಗಳು ಮತ್ತೆ ಶುರು. ನಮ್ಮನೆಯವರು ಹುಟ್ಟಿದ್ದು 1965ರಲ್ಲಿ, ವಿಶ್ವಾವಸು ಸಂವತ್ಸರ. 2025ರ ಯುಗಾದಿಗೆ ಅದೇ ವಿಶ್ವಾವಸು ತಿರುಗಿ ಬಂತು. ಸುಮ್ನೆ ಬರಲಿಲ್ಲ, ನನಗೆ ಇನ್ನೊಂದು ಮದುವೆಯನ್ನೂ ತಂತು. ಗಂಡು ಮಾತ್ರ ಹಳೆಯದೇ.

ಷಷ್ಟ್ಯಬ್ದಿ ಅಂದರೆ ಹೋಮ, ಶಾಂತಿ, ಕಲಶದ ನೀರಿನ ಸ್ನಾನ, ಆಮೇಲೆ ಮತ್ತೊಮ್ಮೆ ಮಾಂಗಲ್ಯಧಾರಣೆ. "ಅಮ್ಮಾ, ನಿನ್ನ ಧಾರೆ ಸೀರೇನೇ ಉಟ್ಕೋ, ಫೋಟೋಗೆ ಚೆನ್ನಾಗಿರತ್ತೆ" ಎಂದು ಬೆಂಗಳೂರಿನಿಂದ ಮಗಳ ಅಪ್ಪಣೆಯಾಯಿತು. ಸೀರೆಯೇನೋ ಇತ್ತು. ಆದರೆ ನಮ್ಮದು ತೀರ್ಥಹಳ್ಳಿ ಕಡೆ ಮನೆ. ಮಳೆ ಹಿಡಿಯಿತೆಂದರೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ದೇವರ ಫೋಟೋದ ಹಿಂದೆಯೂ ಬೂಷ್ಟು. ಟ್ರಂಕಿನಿಂದ ತೆಗೆದು ಬಿಡಿಸಿದರೆ ಸೀರೆ ಮಡಿಕೆ ಇದ್ದಲ್ಲೆಲ್ಲ ಹಪ್ಪಳದ ಹಾಗೆ ಮುರಿಯಿತು. ಜರಿ ಬೆಳ್ಳಿಯದಲ್ವಾ, ಥಂಡಿ ಕುಡಿದು ಕಪ್ಪಾಗಿತ್ತು.

ಸರಿ, ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆವು. "ಧಾರೆ ಸೀರೆ ತೋರಿಸಪ್ಪ" ಎಂದೆ. ಅಂಗಡಿ ಹುಡುಗ ಉತ್ಸಾಹದಿಂದ ಕೆಂಪು, ಹಸಿರು, ಅರಿಶಿನ ಬಣ್ಣದ್ದೆಲ್ಲ ಹರಡಿ, "ಮದುಮಗಳು ಬಂದಿಲ್ವಾ ಆಂಟಿ?" ಎಂದು ಕೇಳಿದ. "ನಾನೇ" ಎಂದೆ. ಹುಡುಗ ಒಂದು ಮಾತೂ ಆಡದೆ ಎಲ್ಲ ಮಡಿಸಿಟ್ಟು ಒಳಗಿನಿಂದ ಬೂದಿ ಬಣ್ಣದ್ದೊಂದು ತಂದ. ಇವರು ಅದರ ಚೀಟಿ ತಿರುಗಿಸಿ ನೋಡಿ, "ನಮ್ಮ ಮೊದಲನೇ ಮದುವೆ ಊಟದ ಸಮೇತ ಇಷ್ಟರಲ್ಲಿ ಮುಗಿದಿತ್ತು ಮಾರಾಯ್ತಿ" ಎಂದು ಎದ್ದೇಬಿಟ್ಟರು.

ಆಮೇಲೆ ಮಗಳೇ ಫೋನಿನಲ್ಲಿ ಹುಡುಕಿದಳು. ಭದ್ರಾವತಿಯಲ್ಲಿ ಒಬ್ಬರು ತಮ್ಮ ಧಾರೆ ಸೀರೆ ಮಾರುತ್ತಾರಂತೆ. ಕುಂಕುಮ ಬಣ್ಣದ ಮೈಸೂರು ಸಿಲ್ಕ್, ಒಂದೇ ಸಲ ಉಟ್ಟಿದ್ದು. ಉಟ್ಟ ಸೀರೆ ಎಂದರೆ ಅತ್ತೆ ಸೂರು ಹಾರಿಹೋಗುವ ಹಾಗೆ ಕೂಗಾಡುತ್ತಾರೆ ಎಂದು ಹೆದರಿದ್ದೆ. ಎಂಬತ್ತು ದಾಟಿದ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ರೇಷ್ಮೆಗೆಂಥ ಮೈಲಿಗೆ? ನಾನು ಉಟ್ಟಿದ್ದೂ ನಮ್ಮಕ್ಕನ ಸೀರೆಯೇ" ಎಂದುಬಿಟ್ಟರು. ನಿಜ, ಅಕ್ಕನದು ತಂಗಿಗೆ, ಅತ್ತಿಗೆಯದು ನಾದಿನಿಗೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ದುಡ್ಡು ಕೊಟ್ಟು ತಂದರೆ ಮಾತ್ರ ನಾಚಿಕೆ. ಇದು ಯಾವ ಲೆಕ್ಕವೋ ನನಗಂತೂ ಅರ್ಥವಾಗಿಲ್ಲ.

ಭದ್ರಾವತಿಯ ಆ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ಮಂಡಿನೋವು ಬಂದ ಮೇಲೆ ಚೂಡಿದಾರ್ ಬಿಟ್ಟು ಬೇರೇನೂ ಹಾಕಲ್ಲ, ಮಗಳಿಗೆ ಸೀರೆ ಅಂದರೇ ಆಗಲ್ಲ, ಅದಕ್ಕೇ ಕೊಡುತ್ತಿದ್ದೇನೆ ಎಂದರು. ಕಾಫಿ, ಕೋಡುಬಳೆ ಬಂತು. ಹಿಂದೆಯೇ ಆಲ್ಬಮ್ ಬಂತು. ಧಾರೆಯಲ್ಲಿ ಅದೇ ಸೀರೆ. ಗೃಹಪ್ರವೇಶದಲ್ಲಿ ಅದೇ ಸೀರೆ. ಸೀಮಂತ, ನಾಮಕರಣ, ಮೈದುನನ ಮದುವೆ, ಎಲ್ಲದರಲ್ಲೂ ಅದೇ. "ಒಂದೇ ಸಲ..." ಎಂದು ಇವರು ಬಾಯಿ ತೆರೆದರು. ನಾನು ಕಾಲು ತುಳಿದೆ. ಸೀರೆ ನಿಜಕ್ಕೂ ಚೆನ್ನಾಗಿತ್ತು. ಸೆರಗು ಬಿಡಿಸಿದಾಗ ಕುಚ್ಚಿನ ಗಂಟಿನೊಳಗೆ ಸಿಕ್ಕಿಕೊಂಡಿದ್ದ ಒಂದು ಅಕ್ಷತೆ ಕಾಳು ನನ್ನ ಮಡಿಲಿಗೆ ಬಿತ್ತು. ಅರಿಶಿನ ಇನ್ನೂ ಪೂರ್ತಿ ಮಾಸಿರಲಿಲ್ಲ.

ಚೌಕಾಸಿಗೆ ಇಳಿದರೆ ಆ ಅಕ್ಕ, "ಜರೀಲಿ ಚಿನ್ನ ಇದೆ" ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಸುಮ್ಮನಿರುತ್ತಾರಾ? "ಮೈಸೂರು ಸಿಲ್ಕ್ ಜರೀಲಿ ಬೆಳ್ಳಿ ಶೇಕಡಾ 65, ಚಿನ್ನ 0.65" ಎಂದರು ಇವರು. "ಇದೆ ಅಂತ ಆಯ್ತಲ್ಲ!" ಎಂದರು ಅವರು. ಕೇಳಿದಷ್ಟು ಕೊಟ್ಟು ಬಂದೆವು. ಬಾಯಿಮಾತಿಗೆ "ಕಾರ್ಯಕ್ಕೆ ಬನ್ನಿ" ಎಂದೆ.

ಹಿಂದಿನ ದಿನ ಭಟ್ಟರು ಫೋನ್ ಮಾಡಿದರು. "ಕಲಶ ಸ್ನಾನಕ್ಕೆ ಹಳೇ ಸೀರೆ, ಮಾಂಗಲ್ಯಕ್ಕೆ ಹೊಸ ಸೀರೆ. ಎರಡೂ ಇಟ್ಕೊಳ್ಳಿ." ಈಗ ನಮ್ಮದು ಹಳೆಯದೋ ಹೊಸದೋ? "ನಮಗೆ ಹೊಸದು" ಎಂದಳು ಮಗಳು. "ಬಿಲ್ ಎಲ್ಲಿದೆ?" ಎಂದರು ಇವರು. ನಾದಿನಿ ಮತ್ತು ಓರಗಿತ್ತಿ ಎರಡು ಪಕ್ಷವಾದರು. ಕೊನೆಗೆ ಅತ್ತೆಯೇ, "ಹೊಸದು ಅಂತ ಒಂದು ಟವೆಲ್ ಇಟ್ಟು ಕೊಡಿ, ಸಾಕು" ಎಂದು ತೀರ್ಪಿತ್ತರು. ಭಟ್ಟರೂ ಒಪ್ಪಿದರು. ಆದರೆ ಸ್ನಾನಕ್ಕೆಂದು ತೆಗೆದಿಟ್ಟ ಕಾಟನ್ ಸೀರೆ ಬೆಳಗಿನ ಗಡಿಬಿಡಿಯಲ್ಲಿ ಎಲ್ಲಿ ಹೋಯಿತೋ, ನಾನು ಕುಂಕುಮ ಬಣ್ಣದಲ್ಲೇ ಮಣೆಯ ಮೇಲೆ ಕೂತೆ. ಭಟ್ಟರು ಮಂತ್ರ ಹೇಳುತ್ತಾ ಕಲಶ ಎತ್ತಿದರು.

"ಅಯ್ಯಯ್ಯೋ, ನೀರು ಹಾಕ್ಬೇಡಿ! ಅದು ಡ್ರೈವಾಶ್!"

ಮುಂದಿನ ಸಾಲಿನಲ್ಲಿ ಭದ್ರಾವತಿಯ ಅಕ್ಕ ಎದ್ದು ನಿಂತಿದ್ದರು. ಮಂಡಿನೋವು ಎಲ್ಲಿ ಹೋಗಿತ್ತೋ. ಮಂತ್ರ ನಿಂತಿತು, ಓಲಗದವರೂ ನಿಲ್ಲಿಸಿದರು. ಅವರು ನೇರ ಬಂದು ನನ್ನನ್ನು ಒಳಗೆ ಎಳೆದೊಯ್ದು, ಅತ್ತೆಯ ಹಳೇ ಸೀರೆಯೊಂದನ್ನು ಸುತ್ತಿ ಕಳಿಸಿದರು. ಸ್ನಾನ ಮುಗಿದ ಮೇಲೆ ಕುಂಕುಮ ಬಣ್ಣವನ್ನು ತಾವೇ ಉಡಿಸಿದರು. ನೆರಿಗೆ ಎಷ್ಟು ನೀಟಾಗಿ ಬಂತೆಂದರೆ, ಆ ಸೀರೆಗೆ ಅವರ ಕೈ ಚೆನ್ನಾಗಿ ಗೊತ್ತಿದ್ದ ಹಾಗಿತ್ತು. ಊಟಕ್ಕೆ ನನ್ನ ಪಕ್ಕದಲ್ಲೇ ಕೂತು, ಹುಳಿ ಬಡಿಸುವವನು ಬಂದಾಗಲೆಲ್ಲ ನನ್ನ ಸೆರಗು ಎತ್ತಿ ಹಿಡಿಯುತ್ತಿದ್ದರು.

ಹೊರಡುವಾಗ ತಾಂಬೂಲ ತಗೊಂಡು ಮೆಲ್ಲಗೆ ಕೇಳಿದರು. "ಬರೋ ವೈಶಾಖದಲ್ಲಿ ತಮ್ಮನ ಮಗನ ಮದುವೆ. ನಮ್ಮ ಸೀರೆ ಒಂದಿನದ ಮಟ್ಟಿಗೆ ಕೊಡ್ತೀರಾ?"

ನಾನು ಇವರ ಮುಖ ನೋಡಿದೆ. ಇವರು ಆಗಲೇ ಜೇಬಿನಿಂದ ಪೆನ್ನು ತೆಗೆದು, ಬಾಡಿಗೆ ಎಷ್ಟು ಹೇಳಬಹುದು ಎಂದು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದ್ದರು.